ಯೂನಿವರ್ಸಿಟಿಯ ಹಳೇ ಬಿಲ್ಡಿಂಗನ್ನ ಪರಿಸರ ವಿಜ್ಞಾನದ ಲ್ಯಾಬ್ ಮಾಡ್ಬೋದಾ, ಇಲ್ಲ ಕೆಡವಿ ಹೊಸದು ಕಟ್ಟೋದೇ ಒಳ್ಳೇದಾ?

ಪಿಲ್ಲರ್, ತಾರಸಿ ಗಟ್ಟಿ ಇದ್ರೆ ಕೆಡವೋದು ಯಾಕ್ರೀ, ಹೊಸ ಸಿಮೆಂಟ್ ತಯಾರಿಸೋದ್ರಲ್ಲೇ ಎಷ್ಟೋ ಕಾರ್ಬನ್ ಗಾಳಿಗೆ ಹೋಗುತ್ತೆ. ನಿಜವಾದ ತಲೆನೋವು ಫ್ಯೂಮ್ ಹುಡ್ (ಕೆಮಿಕಲ್ ಹೊಗೆ ಎಳೆದು ಹೊರಗೆ ಹಾಕೋ ಗೂಡು), ಅದರ ಪೈಪ್ ತಾರಸಿ ದಾಟಿ ಮೇಲಕ್ಕೆ ಹೋಗ್ಬೇಕು, ಎಳೆದು ಹೊರಗೆ ಹಾಕಿದಷ್ಟು ಹೊಸ ಗಾಳಿ ಒಳಗೆ ಬರ್ಬೇಕು, ಆ್ಯಸಿಡ್ ನೀರಿಗೆ ಬೇರೆ ಲೈನ್ ಬೇಕು, ಇದೆಲ್ಲಾ ಬಿಟ್ಟು ಮೊದ್ಲು ಟೈಲ್ಸ್, ಪೇಂಟ್ ಅಂತ ಶುರು ಮಾಡಿದ್ರೆ ಆಮೇಲೆ ಮತ್ತೆ ಒಡೀಬೇಕಾಗುತ್ತೆ (ನಮ್ ಕಡೆ ಆಗೋದೇ ಹಂಗೆ ಬಿಡಿ).

ತಾರಸಿ ಮಳೆನೀರನ್ನೂ ಹಿಡಿದಿಡಿ, ನಮ್ ದಾವಣಗೆರೇಲಿ ವರ್ಷಕ್ಕೆ 600 ಮಿ.ಮೀ. ಮಳೆ ಅಂತ ಇಟ್ಕೊಂಡ್ರೂ 100 ಚದರ ಮೀಟರ್ ತಾರಸಿ ಮೇಲೆ 60,000 ಲೀಟರ್ ಬೀಳುತ್ತೆ, ಅದ್ರಲ್ಲಿ ನೂರಕ್ಕೆ 80 ಹಿಡಿದ್ರೆ 48,000. ನೆಲದಡಿ ಸಂಪ್ ಟ್ಯಾಂಕಿಗೆ ಹೋಗೋ ಪೈಪಿಗೆ ಒಂದು ನೀರಿನ ಮೀಟರ್ ಕೂರಿಸಿ, ಹುಡುಗ್ರಿಗೆ ಅದೇ ಪ್ರಾಕ್ಟಿಕಲ್. ಬೇಸಿಗೆ ಬಿಸಿಲಿಗೆ ತಾರಸಿಗೆ ಬಿಳಿ ಕೂಲ್ ಪೇಂಟ್ ಹೊಡೆಸಿ.