ಮೇರಿ ಕೋಮ್ ಸಿನಿಮಾಗೆ ಥಿಯೇಟರಿನಲ್ಲಿ ಜನ ನಿಜವಾಗಲೂ ಎದ್ದು ನಿಂತಿದ್ದರಾ?

ಟಿವಿಯಲ್ಲಿ ‘ಮೇರಿ ಕೋಮ್’ ನೋಡಿದೆ, ನನಗೇನೂ ಅನ್ನಿಸಲಿಲ್ಲ, ಥಿಯೇಟರಿನಲ್ಲಿ ಜನ ಎದ್ದು ನಿಂತು ಅತ್ತರು ಅಂತಾರಲ್ಲ, ಅದು ನಿಜಾನಾ ಅಂತ ಕೇಳಿದ್ದೀರಿ. ನಿಜ. ನಾನೂ ನಿಂತಿದ್ದೆ.

ಬಾಕ್ಸರ್ ಮೇರಿ ಕೋಮ್ ಅವರ ಜೀವನದ ಕಥೆ ಹೇಳುವ ಈ ಸಿನಿಮಾ ಬಂದಿದ್ದು 2014ರ ಸೆಪ್ಟೆಂಬರ್ 5ಕ್ಕೆ. ಆ ಭಾನುವಾರ ಕೋರಮಂಗಲದ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ ನೋಡಿದೆವು. ಜೊತೆಗೆ ಆಫೀಸಿನ ಗೆಳತಿಯೊಬ್ಬಳಿದ್ದಳು, ಮೇರಿಯ ರಾಜ್ಯವೇ ಆದ ಮಣಿಪುರದ ಇಂಫಾಲ್ ಕಡೆಯವಳು. ಪ್ರೇಕ್ಷಕರ ಪ್ರತಿಕ್ರಿಯೆ ಅಂದರೆ ನನಗೆ ಹಾಲ್‌ಗಿಂತ ಮೊದಲು ಅವಳೇ ನೆನಪಾಗುತ್ತಾಳೆ.

ಶುರುವಿನ ದೃಶ್ಯ ನಿಮಗೂ ನೆನಪಿರಬೇಕು. ಕರ್ಫ್ಯೂ ರಾತ್ರಿ, ಮೇರಿಗೆ ಹೆರಿಗೆ ನೋವು, ಗಂಡ ಅವಳನ್ನು ಕರೆದುಕೊಂಡು ಹೊರಟಿದ್ದಾನೆ. ನಮ್ಮ ಸಾಲಿನವರು ಆಗಿನ್ನೂ ಮೊಬೈಲ್ ಟಾರ್ಚ್ ಹಿಡಿದು ಸೀಟ್ ನಂಬರ್ ಹುಡುಕುತ್ತಿದ್ದರು. ಯಾರದೋ ಪಾಪ್‌ಕಾರ್ನ್ ನನ್ನ ಕಾಲ ಮೇಲೆ ಚೆಲ್ಲಿತು. ಪಕ್ಕಕ್ಕೆ ತಿರುಗಿದರೆ ಇವಳು ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ಇಡೀ ಹಾಲ್‌ನಲ್ಲಿ ಆ ದೃಶ್ಯಕ್ಕೆ ಅತ್ತವಳು ಬಹುಶಃ ಅವಳೊಬ್ಬಳೇ.

ಮುಂದೆ ಎಲ್ಲರೂ ಗಂಭೀರವಾಗಿ ಕೂತಿದ್ದಾಗ ಇವಳಿಗೆ ನಗು. ಮೇರಿಯ ಪಾತ್ರ ಮಾಡಿದ ಪ್ರಿಯಾಂಕಾ ಚೋಪ್ರಾ ಹಿಂದಿ ಮಾತಾಡುವ ರೀತಿ ಕೇಳಿ. ‘ನಮ್ಮಲ್ಲಿ ಯಾರೂ ಹೀಗೆ ಮಾತಾಡಲ್ಲ’ ಅಂತ ಕಿವಿಯಲ್ಲಿ ಹೇಳಿದಳು. ಪಾತ್ರಕ್ಕೆ ಈಶಾನ್ಯದ ಹುಡುಗಿಯನ್ನೇ ಯಾಕೆ ಹಾಕಿಕೊಳ್ಳಲಿಲ್ಲ ಅನ್ನುವ ತಕರಾರು ಆಗಲೇ ಎದ್ದಿತ್ತು. ಮಣಿಪುರದ ಲಿನ್ ಲೈಶ್ರಾಮ್ ಸಿನಿಮಾದಲ್ಲಿದ್ದಾರೆ, ಆದರೆ ಚಿಕ್ಕ ಪಾತ್ರ. ಪ್ರಿಯಾಂಕಾ ಮೈ ಬಗ್ಗಿಸಿ ದುಡಿದದ್ದು ಪರದೆ ಮೇಲೆ ಕಾಣುತ್ತದೆ, ಅದರಲ್ಲಿ ಎರಡು ಮಾತಿಲ್ಲ. ತಕರಾರೂ ಸುಮ್ನೆ ಹುಟ್ಟಿದ್ದಲ್ಲ.

ಹಾಲ್ ಮೊದಲ ಸಲ ಬಿಸಿಯಾಗಿದ್ದು ಕುರ್ಚಿ ಎಸೆಯುವ ದೃಶ್ಯಕ್ಕೆ. ಮಕ್ಕಳಾದ ಮೇಲೆ ಮತ್ತೆ ರಿಂಗಿಗೆ ಬಂದವಳನ್ನು ಜಡ್ಜ್‌ಗಳು ಅನ್ಯಾಯವಾಗಿ ಸೋಲಿಸುತ್ತಾರೆ, ಅವಳು ಸಿಟ್ಟಿನಲ್ಲಿ ಕುರ್ಚಿ ಎತ್ತಿ ಬೀಸುತ್ತಾಳೆ. ಆಗ ಬಿದ್ದ ಶಿಳ್ಳೆ ಬಾಕ್ಸಿಂಗ್‌ಗಲ್ಲ. ಯಾವುದೋ ಕಚೇರಿಯ ಕಿಟಕಿ ಮುಂದೆ ಇಡೀ ದಿನ ನಿಂತು ‘ನಾಳೆ ಬನ್ನಿ’ ಅನ್ನಿಸಿಕೊಂಡವರ ಶಿಳ್ಳೆ ಅದು. ಬಾಕ್ಸಿಂಗ್ ನಿಯಮ ಅಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು ಹೇಳಿ!

ಕೊನೆಯ ಭಾಗ ನನಗೆ ಅಷ್ಟು ಹಿಡಿಸಲಿಲ್ಲ. 2008ರ ವಿಶ್ವ ಚಾಂಪಿಯನ್‌ಷಿಪ್, ಚೀನಾದ ನಿಂಗ್ಬೋ, ಫೈನಲ್ ಪಂದ್ಯ. ಅದೇ ಹೊತ್ತಿಗೆ ಊರಲ್ಲಿ ಮಗುವಿನ ಹೃದಯದ ಆಪರೇಷನ್. ಹಿನ್ನೆಲೆ ಸಂಗೀತ ನಮ್ಮ ಕುತ್ತಿಗೆ ಪಟ್ಟಿ ಹಿಡಿದು ಅಳು ಅಂತ ಅಳಿಸುತ್ತದೆ. ಸ್ವಲ್ಪ ಜಾಸ್ತಿಯೇ ಆಯ್ತು. ಆದರೂ ಬಿದ್ದವಳು ಎದ್ದಾಗ ನನ್ನ ಮುಷ್ಟಿ ಬಿಗಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಪದಕ, ಬಾವುಟ, ಜನಗಣಮನ. ಮುಂದಿನ ಸಾಲಿನ ಅಜ್ಜ ಒಬ್ಬರು ಸೀಟಿನ ಕೈ ಹಿಡಿದು ಎದ್ದರು. ಅವರನ್ನು ನೋಡಿ ಹಿಂದಿನವರು, ಅವರನ್ನು ನೋಡಿ ನಾವು. ಥಿಯೇಟರಿನಲ್ಲಿ ರಾಷ್ಟ್ರಗೀತೆ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2016ರ ಕೊನೆಗೆ, ಆ ಕಡ್ಡಾಯ 2018ರಲ್ಲಿ ಹೋಯಿತು. ಕಥೆಯ ಭಾಗವಾಗಿ ಬಂದರೆ ನಿಲ್ಲಬೇಕಿಲ್ಲ ಅಂತ 2017ರಲ್ಲಿ ಅದೇ ಕೋರ್ಟ್ ಸ್ಪಷ್ಟ ಮಾಡಿತು. 2014ರಲ್ಲಿ ನಮಗೆ ಇದ್ಯಾವುದೂ ಇರಲಿಲ್ಲ, ಅಜ್ಜ ಎದ್ದರು, ನಾವೂ ಎದ್ದೆವು. ನೀವು ಮನೆಯಲ್ಲಿ ಜಾಹೀರಾತಿನ ಮಧ್ಯೆ ನೋಡಿದ್ದೀರಿ, ಹೆಗಲಿಗೆ ಹೆಗಲು ತಾಗಿಸಿ ನಿಂತವರಿಲ್ಲ. ಏನೂ ಅನ್ನಿಸದಿದ್ದರೆ ನಿಮ್ಮ ತಪ್ಪೇನಿಲ್ಲ.

ಗೆಳತಿಯೂ ನಿಂತಿದ್ದಳು. ಹೊರಗೆ ಕಾಫಿ ಕುಡಿಯುವಾಗ ಹೇಳಿದಳು, ‘ಇದನ್ನು ಅಮ್ಮ ಥಿಯೇಟರಿನಲ್ಲಿ ನೋಡೋಕಾಗಲ್ಲ.’ 2000ನೇ ಇಸವಿಯಿಂದ ಮಣಿಪುರದಲ್ಲಿ ಹಿಂದಿ ಸಿನಿಮಾಗಳಿಗೆ ಉಗ್ರ ಸಂಘಟನೆಯೊಂದರ ನಿಷೇಧ ಇತ್ತು, ಹಾಗಾಗಿ ಮೇರಿಯ ಕಥೆ ಮೇರಿಯ ರಾಜ್ಯದಲ್ಲೇ ಬಿಡುಗಡೆ ಆಗಲಿಲ್ಲ. ಆಮೇಲೆ ಇನ್ನೊಂದು ನೆನಪು ತೆಗೆದಳು. 2012ರ ಆಗಸ್ಟ್ 8ಕ್ಕೆ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೇರಿ ಸೆಮಿಫೈನಲ್ ಸೋತು ಕಂಚು ಗೆದ್ದಾಗ ಆಫೀಸಿನಲ್ಲಿ ಇವಳಿಗೇ ಕೈ ಕುಲುಕಿ ಅಭಿನಂದನೆ ಹೇಳಿದ್ದರಂತೆ, ಇವಳೇ ಗೆದ್ದ ಹಾಗೆ. ಒಂದು ವಾರದ ಮೇಲೆ ಬೆಂಗಳೂರಿನಲ್ಲಿ ಈಶಾನ್ಯದವರ ಮೇಲೆ ಹಲ್ಲೆ ಆಗುತ್ತದೆ ಅನ್ನುವ ವದಂತಿಗಳು ಹಬ್ಬಿದವು. ಬೆಂಗಳೂರಿನಿಂದ ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಅಂಥ ಒಂದು ರೈಲಿನಲ್ಲಿ ಬಾಗಿಲ ಹತ್ತಿರ ಬ್ಯಾಗಿನ ಮೇಲೆ ಕೂತು ಇವಳೂ ಹೋಗಿದ್ದಳು. ತಿಂಗಳ ಮೇಲೆ ವಾಪಸ್ ಬಂದಳು.

ಮನೆಗೆ ಹೋಗೋಕೆ ಆಟೋ ಹಿಡಿದೆವು. ಡ್ರೈವರ್ ಒಳ್ಳೆಯ ಮನುಷ್ಯ, ಮಾತುಗಾರ. ಕನ್ನಡಿಯಲ್ಲಿ ಅವಳನ್ನು ನೋಡಿ, ‘ಮೇಡಂದು ನೇಪಾಳಾನಾ?’ ಅಂದರು.

‘ಅಲ್ಲಣ್ಣ, ಮಣಿಪುರ,’ ಅಂದಳು, ಅವಳ ಕನ್ನಡದಲ್ಲಿ. ‘ಮೇರಿ ಕೋಮ್ ಗೊತ್ತಲ್ಲ? ಅವರ ಕಡೆ.’

‘ಓಹೋ, ಗೊತ್ತು ಗೊತ್ತು,’ ಅಂದರು ಅವರು ಖುಷಿಯಾಗಿ. ‘ಪ್ರಿಯಾಂಕಾ ಚೋಪ್ರಾ!’