‘ರೀಡಬಿಲಿಟಿ’ ಅಂದರೆ ಎಲ್ಲ ಕಡೆ ಒಂದೇನಾ?

ನೀವು ಬರೆದ ಕಂಪ್ಯೂಟರ್ ಕೋಡ್ ನೋಡಿ ಟೀಮ್ ಲೀಡ್ ‘ರೀಡಬಿಲಿಟಿ ಇಲ್ಲ’, ಅಂದರೆ ಓದೋಕೆ ಸುಲಭವಾಗಿಲ್ಲ, ಅಂದರು. ಇಂಗ್ಲಿಷ್ ಮೇಷ್ಟ್ರಾದ ನಿಮ್ಮ ಅಣ್ಣ ಅದನ್ನು ಅಳೆಯೋಕೆ ಸೂತ್ರವೇ ಇದೆ ಅಂದರು. ಇಬ್ಬರೂ ಹೇಳುತ್ತಿರುವುದು ಒಂದನ್ನೇನಾ ಅಂತ ಕೇಳಿದ್ದೀರಿ.

ಒಂದನ್ನೇ ಅಲ್ಲ. ನಾನು ದಾವಣಗೆರೆಯಲ್ಲಿ ಡಿಟಿಪಿ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸಿ ಅಚ್ಚಿಗೆ ಸಿದ್ಧ ಮಾಡುವ ಕೆಲಸ, ಮಾಡುವವನು. ಲಗ್ನಪತ್ರಿಕೆ, ಬಿಲ್ ಬುಕ್, ಗೊಬ್ಬರದ ಅಂಗಡಿಯ ಪಾಂಪ್ಲೆಟ್, ಎಲ್ಲ ಮಾಡುತ್ತೇನೆ. ಓದುವವರು ಯಾರು, ಓದಿ ಏನು ಮಾಡಬೇಕು ಅಂತ ಗೊತ್ತಿಲ್ಲದೆ ‘ಇದು ಓದೋಕೆ ಸುಲಭ’ ಅಂದರೆ ಅದು ಬರೀ ಮಾತು.

ಪ್ರೆಸ್ಸಿನವರಿಗೆ ಮೊದಲು ಕಣ್ಣು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಇಂಗ್ಲಿಷಿಗೆ ಸಾಕಾಗುವಷ್ಟೇ ಜಾಗ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಅಕ್ಷರ ತೀರಾ ಸಣ್ಣದಾದರೆ ‘ಧ’ದ ಸೀಳು ಇಂಕಿನಲ್ಲಿ ಮುಚ್ಚಿಹೋಗಿ ‘ದ’ ಆಗುತ್ತದೆ. ‘ಪ’ಗೂ ‘ಷ’ಗೂ ವ್ಯತ್ಯಾಸ ಕಾಣಲ್ಲ. ಲಗ್ನಪತ್ರಿಕೆಯವರು ಮಾತ್ರ ಎಲ್ಲ ನೆಂಟರ ಹೆಸರೂ ಒಂದೇ ಪುಟದಲ್ಲಿ ಹಿಡಿಸಿ ಅಂತಾರೆ. ಅಲ್ಲಿ ಪರವಾಗಿಲ್ಲ ಬಿಡಿ. ಜನ ಹುಡುಕುವುದು ತಮ್ಮ ಹೆಸರು, ಆಮೇಲೆ ಕಲ್ಯಾಣ ಮಂಟಪ!

ಅಕ್ಷರ ಚೆನ್ನಾಗಿ ಕಂಡರೂ ಓದೋಕಾಗದ ಕಾಗದವೂ ಇದೆ. ಕೀಟನಾಶಕದ ಡಬ್ಬಿ ಜೊತೆ ಮಡಚಿಟ್ಟ ಹಾಳೆ ನೋಡಿ. ಅದರಲ್ಲಿ ಔಷಧಿಯ ಪ್ರಮಾಣ ಹೆಕ್ಟೇರ್ ಲೆಕ್ಕದಲ್ಲಿ ಇರುತ್ತದೆ. ನಮ್ಮ ಕಡೆ ಮೆಕ್ಕೆಜೋಳ ಬೆಳೆಯುವವರು ಕೇಳುವುದು ‘ಸ್ಪ್ರೇ ಕ್ಯಾನಿಗೆ ಎಷ್ಟು ಹಾಕಬೇಕು?’ ಅಂತ. ಹೆಕ್ಟೇರ್ ಅಂದರೆ ಹೆಚ್ಚುಕಡಿಮೆ ಎರಡೂವರೆ ಎಕರೆ. ಅದನ್ನು ಎಕರೆಗೆ ಇಳಿಸಬೇಕು, ಎಕರೆಗೆ ಎಷ್ಟು ನೀರು ಅಂತ ನೋಡಬೇಕು, ಕೊನೆಗೆ 16 ಲೀಟರಿನ ಕ್ಯಾನಿಗೆ ಭಾಗಿಸಬೇಕು. ಹೊಲದ ಬದುವಿನ ಮೇಲೆ ನಿಂತು ಇಷ್ಟೆಲ್ಲ ಯಾರು ಮಾಡುತ್ತಾರೆ? ಅಂಗಡಿಯವರು ಹೇಳಿದ್ದೇ ಲೆಕ್ಕ. ಪದ ಒಂದೂ ಕಷ್ಟವಿಲ್ಲ, ಆದರೂ ಹಾಳೆ ಕೆಲಸಕ್ಕೆ ಬರಲಿಲ್ಲ.

ಅದೇ ಡಬ್ಬಿಯ ಮೇಲಿನ ಬಣ್ಣದ ತ್ರಿಕೋನ ಇದಕ್ಕಿಂತ ವಾಸಿ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಅಕ್ಷರ ಬಾರದವರಿಗೂ ಗೊತ್ತಾಗುತ್ತದೆ. ಹಸಿರು ಅಂದರೆ ಏನೂ ಆಗಲ್ಲ ಅಂತ ಅಂದುಕೊಳ್ಳುವ ಅಪಾಯವೂ ಇದೆ ಅನ್ನಿ. ಹಸಿರಿದ್ದರೂ ಅದು ವಿಷವೇ.

ಕ್ರಯಪತ್ರ ಬರೆಯುವವರದ್ದು ಬೇರೆಯೇ ದಾರಿ. ‘ಸದರಿ ಸ್ವತ್ತು’ ಅಂತ ಹತ್ತು ಸಲ ಬಂದರೂ ಅವರಿಗೆ ಬೇಜಾರಿಲ್ಲ. ನಾಳೆ ಕೋರ್ಟಿನಲ್ಲಿ ಎರಡನೇ ಅರ್ಥ ಹುಟ್ಟಬಾರದು, ಅಷ್ಟೇ.

ಈಗ ಅಣ್ಣನ ಸೂತ್ರ. ಬಹುಶಃ ಅಮೆರಿಕದ ಬರಹಗಾರ ರುಡಾಲ್ಫ್ ಫ್ಲೆಶ್ 1948ರಲ್ಲಿ ಕೊಟ್ಟದ್ದಿರಬೇಕು. ಒಂದು ವಾಕ್ಯದಲ್ಲಿ ಸರಾಸರಿ ಎಷ್ಟು ಪದ, ಒಂದು ಪದದಲ್ಲಿ ಎಷ್ಟು ಸಿಲಬಲ್ (ಉಚ್ಚಾರದ ತುಣುಕು, ಹೆಚ್ಚುಕಡಿಮೆ ನಮ್ಮ ಅಕ್ಷರದ ಹಾಗೆ) ಅಂತ ಎಣಿಸುತ್ತದೆ. ಎರಡೂ ಕಡಿಮೆ ಇದ್ದಷ್ಟೂ ಸುಲಭ. 1975ರಲ್ಲಿ ಅಮೆರಿಕದ ನೌಕಾಪಡೆಗಾಗಿ ಕಿನ್‌ಕೇಡ್ ಮತ್ತಿತರರು ಇದನ್ನೇ ತಿದ್ದಿ, ಎಷ್ಟನೇ ತರಗತಿಯವರಿಗೆ ಅರ್ಥವಾಗುತ್ತದೆ ಅಂತ ಹೇಳುವ ಹಾಗೆ ಮಾಡಿದರು. ಇಂಗ್ಲಿಷಿಗೆ ಸರಿ. ಕನ್ನಡಕ್ಕೆ ಹಾಕಿದರೆ ನಗು ಬರುತ್ತದೆ. ‘ಬರಬೇಕಾಗಿತ್ತಲ್ಲವಾ’ ಎಂಟು ಅಕ್ಷರ, ಚಿಕ್ಕ ಮಗುವಿಗೂ ಗೊತ್ತು. ‘ಕ್ಷತಿ’ ಎರಡೇ ಅಕ್ಷರ, ಎಷ್ಟು ಜನ ನಿಘಂಟು ನೋಡದೆ ಹೇಳುತ್ತಾರೆ?

ಕೋಡಿಗೆ ಬಂದರೆ ಈ ಸೂತ್ರ ತಲೆಕೆಳಗಾಗುತ್ತದೆ. ‘ಎಕ್ಸ್’ ಅನ್ನೋ ವೇರಿಯಬಲ್ (ಮಾಹಿತಿ ತುಂಬಿಡುವ ಡಬ್ಬಿಯ ಹೆಸರು ಅನ್ನಿ) ಗಿಡ್ಡ, ಆದರೆ ಅದರಲ್ಲಿ ಏನಿದೆ ಅಂತ ಗೊತ್ತಾಗಲ್ಲ. ಉದ್ದನೆಯ ಹೆಸರೇ ಅಲ್ಲಿ ಸುಲಭ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಶೈಲಿ ಕೈಪಿಡಿ ಪೆಪ್ 8 ಒಂದು ಸಾಲಿಗೆ 79 ಅಕ್ಷರಕ್ಕಿಂತ ಜಾಸ್ತಿ ಬೇಡ ಅನ್ನುತ್ತದೆ. ಅದು ಪ್ರೆಸ್ಸಿನವರ ಮಾತಿನ ಥರವೇ, ಕಣ್ಣಿನ ವಿಷಯ. ಕೋಡನ್ನು ಬರೆಯುವುದಕ್ಕಿಂತ ಓದುವುದೇ ಹೆಚ್ಚು ಸಲ ಅಂತಲೂ ಅದರಲ್ಲಿದೆ. ಓದುವವರು ಸುಮ್ನೆ ಓದಿ ಬಿಡಲ್ಲ, ಅದನ್ನು ತಿದ್ದಬೇಕು. ಒಂದು ಕಡೆ ಕೈ ಇಟ್ಟರೆ ಇನ್ನೆಲ್ಲಿ ಕೆಡುತ್ತದೆ ಅಂತ ಅವರಿಗೆ ಕಾಣಬೇಕು.

ಹಾಗಾಗಿ ಅಂಕ ಕೊಡುವ ಸಾಫ್ಟ್‌ವೇರ್ ಹುಡುಕಬೇಡಿ. ಓದುವಾಗ ಯಾವ ಸಾಲಿನಲ್ಲಿ ನಿಂತು ವಾಪಸ್ ಹೋಗಬೇಕಾಯಿತು ಅಂತ ನಿಮ್ಮ ಲೀಡನ್ನೇ ಕೇಳಿ. ಹೆಸರು ಬದಲಿಸಬೇಕೋ, ಫಂಕ್ಷನ್ (ಒಂದು ಕೆಲಸಕ್ಕೆ ಬರೆದ ಕೋಡಿನ ತುಂಡು) ಒಡೆಯಬೇಕೋ ಅಂತ ಅಲ್ಲೇ ಗೊತ್ತಾಗುತ್ತದೆ.