ಬಾಂಬು ಬೀಳದ ಊರಿನ ಶಾಲೆಯಲ್ಲಿ ಯುದ್ಧ ಎಲ್ಲಿತ್ತು?

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸಣ್ಣ ಊರುಗಳ ಮೇಲೆ ಬಾಂಬೇ ಬೀಳಲಿಲ್ಲವಲ್ಲ, ಅಲ್ಲಿನ ಶಾಲಾ ಮಕ್ಕಳು ‘ಯುದ್ಧಕ್ಕೆ ದುಡಿದರು’ ಎನ್ನುವುದು ಬರೀ ಪ್ರಚಾರವೇ ಎಂದು ನೀವು ಕೇಳಿದ್ದೀರಿ. ಪ್ರಚಾರ ಬೇಕಾದಷ್ಟಿತ್ತು. ಆದರೆ ಕೆಲಸವೂ ನಿಜವಾಗಿಯೇ ಇತ್ತು, ಅದಕ್ಕೆ ಅಳತೆ, ತೂಕ, ದರ ಎಲ್ಲವೂ ಇದ್ದವು.

ಸಣ್ಣ ಊರಿನಲ್ಲಿ ಪ್ರತಿ ಮನೆಯನ್ನೂ ಮುಟ್ಟುವ ಸರ್ಕಾರಿ ಜಾಗ ಎಂದರೆ ಶಾಲೆ. ಹಾಗಾಗಿ ವಾಷಿಂಗ್ಟನ್‌ನಿಂದ ಬಂದದ್ದೆಲ್ಲ ಶಾಲೆಯ ಬಾಗಿಲಿಗೇ ಬಂತು. 1942ರ ಮೇ ಮೊದಲ ವಾರ ಸಕ್ಕರೆ ಪಡಿತರ ಶುರುವಾದಾಗ ಜನ ಸಾಲು ನಿಂತದ್ದು ಪ್ರಾಥಮಿಕ ಶಾಲೆಗಳಲ್ಲಿ. ಹೆಸರು, ವಯಸ್ಸು, ಎತ್ತರ, ತೂಕ ಬರೆದುಕೊಂಡು ಪಡಿತರ ಪುಸ್ತಕ ಕೊಟ್ಟವರು ಟೀಚರುಗಳು. ಮನೆಯಲ್ಲಿ ಈಗಾಗಲೇ ಎಷ್ಟು ಸಕ್ಕರೆ ಇದೆ ಎಂದು ಹೇಳಬೇಕಿತ್ತು. ಮಿತಿಗಿಂತ ಹೆಚ್ಚಿದ್ದರೆ ಅಷ್ಟು ಚೀಟಿಗಳನ್ನು ಅಲ್ಲೇ ಹರಿದು ತೆಗೆಯುತ್ತಿದ್ದರು. ನೆರೆಮನೆಯವರ ಮುಂದೆಯೇ ಲೆಕ್ಕ ಹೇಳಬೇಕಾದ ಊರಲ್ಲಿ ಟೀಚರ್ ಕೆಲಸ ಎಷ್ಟು ಕಷ್ಟದ್ದು ಎಂದು ಯೋಚಿಸಿ.

ಅದಕ್ಕೂ ಮೊದಲು ಗಡಿಯಾರವೇ ಬದಲಾಗಿತ್ತು. 1942ರ ಫೆಬ್ರವರಿ 9ರಂದು ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಿಟ್ಟರು, 1945ರ ಸೆಪ್ಟೆಂಬರ್ 30ರವರೆಗೆ ಹಿಂದಿಡಲೇ ಇಲ್ಲ. ವಿದ್ಯುತ್ ಉಳಿಸುವುದು ಉದ್ದೇಶ. ಆದರೆ ಚಳಿಗಾಲದಲ್ಲಿ ಹಳ್ಳಿಯ ಮಕ್ಕಳು ಕತ್ತಲಲ್ಲೇ ರಸ್ತೆಬದಿ ನಿಂತು ಶಾಲಾ ಬಸ್ಸಿಗೆ ಕಾಯಬೇಕಾಯಿತು.

ಇನ್ನು ಮಕ್ಕಳ ಕೈಕೆಲಸ. ಎಲ್ಲಕ್ಕಿಂತ ಉಪಯುಕ್ತವಾದದ್ದು, ಅಷ್ಟೇ ಮರೆತುಹೋದದ್ದು ಮಿಲ್ಕ್‌ವೀಡ್ ಕಾಯಿ ಸಂಗ್ರಹ ಎಂದು ನನ್ನ ಅಭಿಪ್ರಾಯ. ಆಗ ಲೈಫ್ ಜಾಕೆಟ್ಟಿನೊಳಗೆ ತುಂಬುತ್ತಿದ್ದದ್ದು ಜಾವಾದಿಂದ ಬರುತ್ತಿದ್ದ ಕಪೋಕ್, ಅಂದರೆ ನಮ್ಮಲ್ಲಿ ದಿಂಬಿಗೆ ತುಂಬುವ ಬಿಳಿ ಬೂರುಗದ ಹತ್ತಿ. 1942ರ ಮಾರ್ಚಿನಲ್ಲಿ ಜಾವಾ ಜಪಾನಿನ ಕೈಸೇರಿತು, ಪೂರೈಕೆ ನಿಂತಿತು. ಬದಲಿಗೆ ಸಿಕ್ಕಿದ್ದು ಹೊಲದ ಅಂಚಿನಲ್ಲಿ ಕಳೆಯಾಗಿ ಬೆಳೆಯುವ ಮಿಲ್ಕ್‌ವೀಡ್. ಇದು ಎಕ್ಕದ ಹತ್ತಿರದ ಬಂಧು: ಮುರಿದರೆ ಹಾಲು, ಕಾಯಿ ಬಿರಿದರೆ ಬೀಜಕ್ಕೊಂದು ರೇಷ್ಮೆಯ ಕುಚ್ಚು. ಆ ಎಳೆ ನುಣುಪು, ಗಿಡ್ಡ, ಪೆಡಸು, ನೂಲಲು ಬಾರದು. ಆದರೆ ಒಳಗೆ ಪೊಳ್ಳು, ಹೊರಗೆ ಮೇಣದ ಲೇಪ ಇರುವುದರಿಂದ ನೀರು ಹಿಡಿಯದೆ ತೇಲುತ್ತದೆ. ಒಂದು ಪೌಂಡಿಗಿಂತ ತುಸು ಹೆಚ್ಚು ಎಳೆ ಸಾಕು, ಒಬ್ಬ ಆಳು ತೇಲುತ್ತಾನೆ.

ಯಾವಾಗ ಕೀಳಬೇಕು ಎನ್ನುವುದರಲ್ಲೇ ಎಲ್ಲ ಇತ್ತು. ಕಾಯಿಯ ಹೊಲಿಗೆಗುಂಟ ಬೆರಳಿನಿಂದ ಒತ್ತಿದರೆ ಬಾಯಿ ಬಿಡಬೇಕು, ಒಳಗಿನ ಬೀಜ ಕಂದು ಬಣ್ಣಕ್ಕೆ ತಿರುಗಿರಬೇಕು. ಬೀಜ ಇನ್ನೂ ಬಿಳಿಯಿದ್ದರೆ ಎಳೆ ಬಲಿತಿಲ್ಲ, ಒಳಗೆ ತೇವ ಹೆಚ್ಚು, ಚೀಲದಲ್ಲೇ ಬೂಷ್ಟು ಹಿಡಿಯುತ್ತದೆ. ಕೆಲವು ದಿನ ತಡಮಾಡಿದರೆ ಕಾಯಿ ತಾನೇ ಬಿರಿದು ಸರಕೆಲ್ಲ ಗಾಳಿಪಾಲು. ಹಾಗಾಗಿ ಸೆಪ್ಟೆಂಬರ್ ಆಸುಪಾಸಿನ ಕೆಲವೇ ವಾರಗಳಲ್ಲಿ ಕೆಲಸ ಮುಗಿಸಬೇಕಿತ್ತು. ಬಯಲಲ್ಲಿ ಚದುರಿ ಬೆಳೆಯುವ ಕಳೆಯನ್ನು ಅಷ್ಟರೊಳಗೆ ಹುಡುಕಿ ಕೀಳಲು ಸಾವಿರಾರು ಜೊತೆ ಕೈ ಬೇಕು. ದೊಡ್ಡವರು ಸೈನ್ಯದಲ್ಲಿ, ಕಾರ್ಖಾನೆಯಲ್ಲಿ, ಕೊಯ್ಲಿನಲ್ಲಿದ್ದರು. ಉಳಿದವರು ಶಾಲಾ ಮಕ್ಕಳೇ.

ಕಿತ್ತ ಕಾಯಿಯನ್ನು ಈರುಳ್ಳಿ ತುಂಬುವ ಜಾಲಿ ಚೀಲಕ್ಕೆ ಹಾಕುತ್ತಿದ್ದರು. ಚೀಲವೊಂದಕ್ಕೆ ಸುಮಾರು 600ರಿಂದ 800 ಕಾಯಿ. ಸೆಣಬಿನ ಗೋಣಿ ಆಗದು, ಗಾಳಿ ಆಡುವುದಿಲ್ಲ. ತುಂಬಿದ ಚೀಲಗಳನ್ನು ನೆಲದ ಮೇಲೆ ಒಟ್ಟಿದರೆ ಒಳಗೆ ಬಿಸಿಯೇರಿ ಕೊಳೆಯುತ್ತದೆ. ಆದ್ದರಿಂದ ಶಾಲೆಯ ಬೇಲಿಗೆ ಒಂದರ ಪಕ್ಕ ಒಂದು ತೂಗುಹಾಕಿ ವಾರಗಟ್ಟಲೆ ಒಣಗಿಸಬೇಕು. ಒಣಗಿದ ಚೀಲಕ್ಕೆ 20 ಸೆಂಟ್, ಹಸಿಯಾಗಿಯೇ ಕೊಟ್ಟರೆ 15. ಅಲ್ಲಿಂದ ಸರಕು ಮಿಷಿಗನ್‌ನ ಪೆಟೋಸ್ಕಿ ಎಂಬ ಊರಿನ ಕಾರ್ಖಾನೆಗೆ ಹೋಗಿ ಬೀಜ, ಸಿಪ್ಪೆ, ಎಳೆ ಬೇರೆಯಾಗುತ್ತಿದ್ದವು. ‘ಎರಡು ಚೀಲ, ಒಂದು ಜೀವ’ ಎಂಬರ್ಥದ ಘೋಷಣೆ ಆಗ ಎಲ್ಲೆಡೆ ಓಡಾಡುತ್ತಿತ್ತು. ಉತ್ಪ್ರೇಕ್ಷೆಯಲ್ಲ, ಒಂದು ಜಾಕೆಟ್ಟಿಗೆ ಬೇಕಾದದ್ದೇ ಅಷ್ಟು.

ಹೈಸ್ಕೂಲಿನ ಮರಗೆಲಸದ ತರಗತಿಗೆ ಬೇರೆ ಕೆಲಸ ಬಂತು. 1942ರ ಆರಂಭದಲ್ಲಿ ನೌಕಾಪಡೆ ಶಾಲೆಗಳಿಂದ ಐದು ಲಕ್ಷ ಮರದ ವಿಮಾನ ಮಾದರಿಗಳನ್ನು ಕೇಳಿತು. ಆಟಿಕೆಗಾಗಿ ಅಲ್ಲ, ಶತ್ರು ವಿಮಾನ ಯಾವುದು, ನಮ್ಮದು ಯಾವುದು ಎಂದು ಕಣ್ಣಿಗೆ ಪಾಠ ಮಾಡಿಸಲು. ಅಳತೆ 1:72, ಅಂದರೆ ನಿಜವಾದ ಆರು ಅಡಿಗೆ ಮಾದರಿಯಲ್ಲಿ ಒಂದು ಇಂಚು. ಇದರಲ್ಲೊಂದು ಒಳ್ಳೆಯ ಲೆಕ್ಕವಿದೆ: ಮಾದರಿಯನ್ನು 35 ಅಡಿ ದೂರದಲ್ಲಿ ಹಿಡಿದರೆ 35ನ್ನು 72ರಿಂದ ಗುಣಿಸಿ 2,520 ಅಡಿ, ಹೆಚ್ಚುಕಡಿಮೆ ಅರ್ಧ ಮೈಲಿ ದೂರದ ನಿಜವಾದ ವಿಮಾನ ಕಂಡಂತೆ ಕಾಣುತ್ತದೆ. ಕಳುಹಿಸಿಕೊಟ್ಟ ನಕ್ಷೆಯಿಂದ ಮೊದಲು ರಟ್ಟಿನ ಅಚ್ಚು ಕತ್ತರಿಸಿ, ಪೈನ್ ಮರದ ತುಂಡಿನ ಮೇಲೆ ಗೆರೆ ಹಾಕಿ, ಕೆತ್ತುತ್ತ ಕೆತ್ತುತ್ತ ಅದೇ ಅಚ್ಚಿಗೆ ಹಿಡಿದು ನೋಡಬೇಕು. ಕೊನೆಗೆ ಪೂರ್ತಿ ಕಪ್ಪು ಬಣ್ಣ, ಏಕೆಂದರೆ ಆಕಾಶದಲ್ಲಿ ಗುರುತು ಸಿಗುವುದು ಆಕಾರದಿಂದ. ತಪ್ಪುತ್ತಿದ್ದದ್ದು ಸಾಮಾನ್ಯವಾಗಿ ರೆಕ್ಕೆ ಕೂಡಿಸುವಲ್ಲಿ. ರೆಕ್ಕೆಯ ಓರೆ ತುಸು ಹೆಚ್ಚುಕಡಿಮೆಯಾದರೂ ಆಕಾರ ಬೇರೊಂದು ವಿಮಾನದ್ದಾಗಿ ಕಾಣುತ್ತದೆ. ಅಂಥದನ್ನು ನೋಡಿ ಕಲಿತ ಸೈನಿಕ ಸ್ವಂತ ವಿಮಾನಕ್ಕೇ ಗುಂಡು ಹಾರಿಸಿಬಿಡಬಹುದು. ಅದಕ್ಕೇ ತಪಾಸಣೆ ಬಿಗಿಯಾಗಿತ್ತು.

ವಾರ್ ಸ್ಟಾಂಪ್, ಅಂದರೆ ಯುದ್ಧದ ಖರ್ಚಿಗಾಗಿ ಸರ್ಕಾರ ಮಾರುತ್ತಿದ್ದ ಉಳಿತಾಯದ ಚೀಟಿ, ಅದರ ಮಾರಾಟ ವಾರವಾರವೂ ತರಗತಿಯಲ್ಲೇ ನಡೆಯುತ್ತಿತ್ತು. 25 ಸೆಂಟಿನ ಸ್ಟಾಂಪ್ 75 ಅಂಟಿಸಿದರೆ 18 ಡಾಲರ್ 75 ಸೆಂಟ್. ಅದನ್ನು ಕೊಟ್ಟರೆ ಹತ್ತು ವರ್ಷಕ್ಕೆ 25 ಡಾಲರ್ ಆಗುವ ಬಾಂಡ್. 10 ಸೆಂಟಿನವನ್ನು ಅಂಟಿಸುವ ಚಿಕ್ಕ ಮಕ್ಕಳಿಗೆ 187 ಸ್ಟಾಂಪಾದ ಮೇಲೂ ಇನ್ನೈದು ಸೆಂಟ್ ಕೈಯಿಂದ ಸೇರಿಸಬೇಕಾಗುತ್ತಿತ್ತು. ಸ್ಟಾಂಪಿಗೆ ಬಡ್ಡಿಯಿಲ್ಲ, ಬಾಂಡಿಗೆ ಮಾತ್ರ. ನೂರಕ್ಕೆ ತೊಂಬತ್ತು ಮಕ್ಕಳು ಕೊಂಡರೆ ಶಾಲೆಗೊಂದು ಬಾವುಟ ಸಿಗುತ್ತಿತ್ತು. ಇದು ನನಗೆ ಇಷ್ಟವಾಗದ ಭಾಗ. ಕೈಯಲ್ಲಿ ಕಾಸಿಲ್ಲದ ಮಗುವಿನಿಂದಾಗಿ ಇಡೀ ಶಾಲೆಗೆ ಬಾವುಟ ತಪ್ಪುವಂಥ ನಿಯಮ ಅದು.

ಗುಜರಿ ಸಂಗ್ರಹದ ಬಗ್ಗೆ ನೀವು ಓದಿಯೇ ಇರುತ್ತೀರಿ. 1942ರ ಬೇಸಿಗೆಯಲ್ಲಿ ನೆಬ್ರಾಸ್ಕಾ ರಾಜ್ಯ ಮೂರೇ ವಾರದಲ್ಲಿ ತಲೆಗೆ 100 ಪೌಂಡಿಗೂ ಹೆಚ್ಚು ಹಳೇ ಕಬ್ಬಿಣ ಸೇರಿಸಿತು. ಆ ಮಾದರಿಯನ್ನೇ ದೇಶವೆಲ್ಲ ಅನುಸರಿಸಿದಾಗ ಶಾಲಾ ಮಕ್ಕಳು ಮುಂದಾಳುಗಳಾದರು.

ಆಟೋಟಕ್ಕೆ ಪೆಟ್ಟು ಕೊಟ್ಟದ್ದು ಪೆಟ್ರೋಲಿಗಿಂತ ರಬ್ಬರ್. ಮಲಯಾದ ತೋಟಗಳೂ ಜಪಾನಿನ ಪಾಲಾಗತೊಡಗಿದ್ದರಿಂದ 1942ರ ಜನವರಿಯಲ್ಲೇ ಟೈರಿಗೆ ಪಡಿತರ ಬಂತು, ಡಿಸೆಂಬರಿನಲ್ಲಿ ಪೆಟ್ರೋಲಿಗೆ ದೇಶವ್ಯಾಪಿ ಪಡಿತರ. ಗಂಟೆಗೆ 35 ಮೈಲಿ ವೇಗಮಿತಿಯೂ ಟೈರು ಉಳಿಸಲಿಕ್ಕೇ. ಪಕ್ಕದೂರಿನ ಶಾಲೆಯೊಂದಿಗೆ ಬ್ಯಾಸ್ಕೆಟ್‌ಬಾಲ್ ಆಡಲು ಹೋಗುವುದೂ ಕಷ್ಟವಾಯಿತು.

ಹುಡುಗರ ಮೇಲಿದ್ದ ದೊಡ್ಡ ನೆರಳು ಬೇರೆ. 1942ರ ನವೆಂಬರಿನಲ್ಲಿ ಕಡ್ಡಾಯ ಸೇನಾಸೇವೆಯ ವಯಸ್ಸು 18ಕ್ಕೆ ಇಳಿಯಿತು. ಶಾಲಾವರ್ಷದ ದ್ವಿತೀಯಾರ್ಧದಲ್ಲಿ ಕರೆ ಬಂದರೆ ಕೇಳಿಕೊಂಡ ಹುಡುಗನಿಗೆ ವರ್ಷ ಮುಗಿಯುವವರೆಗೆ ಬಿಡುವು ಸಿಗುತ್ತಿತ್ತು, ಅಷ್ಟೇ. ಕಾರ್ಖಾನೆಯ ಸಂಬಳವೂ ಸೆಳೆಯಿತು. ದೇಶದ ಹೈಸ್ಕೂಲುಗಳಲ್ಲಿ ಮಕ್ಕಳ ಸಂಖ್ಯೆ ಹತ್ತು ಲಕ್ಷಕ್ಕೂ ಹೆಚ್ಚು ಕುಸಿಯಿತು. ಟೀಚರುಗಳೂ ಬಿಟ್ಟುಹೋದರು. ಮದುವೆಯಾದ ಹೆಣ್ಣುಮಕ್ಕಳಿಗೆ ಪಾಠ ಹೇಳಲು ಬಿಡದಿದ್ದ ಎಷ್ಟೋ ಊರುಗಳು ಆಗ ಅವರನ್ನೇ ಕರೆದು ಕೂರಿಸಿದವು.

ಕೆಲವು ಮಕ್ಕಳಿಗೆ ಯುದ್ಧ ಬಂದದ್ದು ಸ್ವಂತ ಸರ್ಕಾರದಿಂದ. 1942ರ ಮಾರ್ಚ್ 30ರಂದು ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಿಂದ ಜಪಾನಿ ಮೂಲದ ಇನ್ನೂರಕ್ಕೂ ಹೆಚ್ಚು ಜನರನ್ನು ಸೈನಿಕರ ಕಾವಲಿನಲ್ಲಿ ಸಾಗಿಸಿದರು, ಹೈಸ್ಕೂಲಿನ ಕೊನೆಯ ವರ್ಷದವರೂ ಸೇರಿದಂತೆ. ಅವರನ್ನು ಒಯ್ದು ಇಟ್ಟ ಕ್ಯಾಲಿಫೋರ್ನಿಯಾದ ಮಂಜನಾರ್ ಶಿಬಿರದಲ್ಲಿ ಶಾಲೆ ತೆರೆದಾಗ ಮೊದಮೊದಲು ಕೂರಲು ಬೆಂಚೂ ಇರಲಿಲ್ಲ. ಕಾಯಿ, ಗುಜರಿಯ ಉತ್ಸಾಹದ ಚಿತ್ರ ಕೊಡುವ ಬರಹಗಳು ಇದನ್ನು ಬಿಟ್ಟರೆ ಅದು ಅರ್ಧ ಚಿತ್ರ.

‘ಬಾಂಬೇ ಬೀಳಲಿಲ್ಲ’ ಎಂಬ ನಿಮ್ಮ ಮಾತಿಗೂ ಒಂದು ತಿದ್ದುಪಡಿ ಬೇಕು. 1945ರ ಮೇ 5ರಂದು ಆರೆಗಾನ್ ರಾಜ್ಯದ ಬ್ಲೈ ಎಂಬ ಪುಟ್ಟ ಊರಿನ ಬಳಿ, ಚರ್ಚಿನಿಂದ ಪಿಕ್‌ನಿಕ್‌ಗೆ ಹೋಗಿದ್ದ ಐವರು ಮಕ್ಕಳು ಮತ್ತು ಜೊತೆಗಿದ್ದ ಗರ್ಭಿಣಿ ಮಹಿಳೆ ಜಪಾನಿನಿಂದ ಬಲೂನಿನಲ್ಲಿ ತೇಲಿಬಂದ ಬಾಂಬಿಗೆ ಬಲಿಯಾದರು. ಇಂಥ ಬಲೂನುಗಳ ಸುದ್ದಿಯನ್ನು ಸರ್ಕಾರ ಅಲ್ಲಿಯವರೆಗೆ ಪತ್ರಿಕೆಗಳಲ್ಲಿ ಬರಗೊಟ್ಟಿರಲಿಲ್ಲ. ಶಾಲೆಗಳಲ್ಲಿ ಮಕ್ಕಳಿಗೆ ಎಚ್ಚರಿಕೆ ಹೇಳತೊಡಗಿದ್ದು ಆಮೇಲೆ.

ಒಂದೇ ಊರನ್ನು ಹಿಡಿದು ನೋಡುವ ಆಸಕ್ತಿಯಿದ್ದರೆ, ಆ ಹೈಸ್ಕೂಲಿನ 1941 ಮತ್ತು 1944ರ ವಾರ್ಷಿಕ ಸಂಚಿಕೆಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಇಂಥವು ಎಷ್ಟೋ ಊರಿನ ಗ್ರಂಥಾಲಯಗಳ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕೊನೆಯ ತರಗತಿಯ ಚಿತ್ರದಲ್ಲಿ ಹುಡುಗರೆಷ್ಟು, ಹುಡುಗಿಯರೆಷ್ಟು ಎಣಿಸಿ. ಪಂದ್ಯಗಳ ಪಟ್ಟಿ ಎಷ್ಟು ಗಿಡ್ಡವಾಗಿದೆ, ಟೀಚರುಗಳಲ್ಲಿ ಎಷ್ಟು ಹೊಸ ಮುಖ ಎಂದು ನೋಡಿ. ಸೈನ್ಯಕ್ಕೆ ಸೇರಿದ ಹಳೆಯ ವಿದ್ಯಾರ್ಥಿಗಳ ಪುಟವಿದ್ದರೆ ಅದನ್ನು 1941ರ ತರಗತಿಯ ಹೆಸರುಗಳೊಂದಿಗೆ ಹೋಲಿಸಿ.